ಬೇವಿನ ಗಿಡದ ಅಯ್ನೋರು

ನನಗೆ ಇತ್ತೀಚೆಗೆ ಒಂದು ಚಟ ಅಂಟಿಕೊಂಡಿದೆ. ಎಲೆ-ಅಡಿಕೆಯಲ್ಲ, ತಂಬಾಕಲ್ಲ, ಇಸ್ಪೀಟೂ ಅಲ್ಲ. ಅಂಥದ್ದಾಗಿದ್ದರೆ ಮನೆಯವಳು ಇಷ್ಟೊತ್ತಿಗೆ ಬೈದು ಬಿಡಿಸಿರುತ್ತಿದ್ದಳು. ಗಿಡ ಕಂಡರೆ ಸಾಕು, ಕತ್ತೆತ್ತಿ ನಿಂತುಬಿಡುತ್ತೇನೆ. ಹುಮನಾಬಾದಿನ ಬಜಾರದಲ್ಲಿ ನಾನು ಹೀಗೆ ನಿಂತದ್ದನ್ನು ಕಂಡು ಮೊದಮೊದಲು ಜನ ತಾವೂ ನಿಂತು ಮೇಲೆ ನೋಡುತ್ತಿದ್ದರು. ಏನೂ ಕಾಣದೆ, ನನ್ನನ್ನು ಒಮ್ಮೆ ಅನುಮಾನದಿಂದ ನೋಡಿ ಮುಂದೆ ಹೋಗುತ್ತಿದ್ದರು. ಈಗ ಅವರಿಗೂ ರೂಢಿಯಾಗಿದೆ. ಮೊನ್ನೆ ಪಕ್ಕದ ಹೊಲಿಗೆ ಅಂಗಡಿಯವನು ಕನಿಕರದಿಂದ, "ಸಾಹುಕಾರ್ರ, ಕುತ್ತಿಗಿ ಹಿಡದದೇನ್ರಿ? ನಮ್ಮ ಮಂಠಾಳದಾಗ ಎಣ್ಣಿ ಹಚ್ಚಿ ತಿಕ್ಕಾಂವ ಒಬ್ಬ ಹಾನ. ಬರೋಬರ್ ಮಾಡ್ತಾನ" ಎಂದ.

ನನ್ನದು ಚಷ್ಮಾದ ಅಂಗಡಿ. ಚಷ್ಮಾ ಮಾರುವವನು ಗಿರಾಕಿಯ ಮೂಗು ನೋಡಬೇಕು, ಕಿವಿ ನೋಡಬೇಕು, ಓರೆಗಣ್ಣಿನಲ್ಲಿ ಕಿಸೆಯನ್ನೂ ನೋಡಬೇಕು. ಗಿಡ ನೋಡುತ್ತ ನಿಂತರೆ ವ್ಯಾಪಾರ ಕುಂಟುತ್ತದೆ. ಹೋದ ವಾರ ಹುಡಗಿ ಎಂಬ ಊರಿನಿಂದ ಬಂದ ಹಿರಿಯರೊಬ್ಬರನ್ನು ಕುರ್ಚಿಯ ಮೇಲೆ ಕೂರಿಸಿ, ಕಣ್ಣು ತಪಾಸಿಸುವ ಭಾರದ ಚೌಕಟ್ಟನ್ನು ಮೂಗಿಗೇರಿಸಿ, ಎದುರು ಗೋಡೆಯ ಅಕ್ಷರ ಓದಿರಿ ಎಂದು ಹೇಳಿ, ನಾನು ಬಾಗಿಲಾಚೆಯ ಗಿಡದಲ್ಲಿ ಕಳೆದುಹೋದೆ. ಅವರು ಪಾಪ ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಓದಿ ಮುಗಿಸಿ, "ಪಾಸ್ ಆದ್ನೋ ಇಲ್ಲೋ ಹೇಳ್ರಿ, ಬಸ್ಸಿನ ಹೊತ್ತಾತು" ಎಂದರು.

ಆ 'ಪಾಸ್' ಎಂಬ ಮಾತಿನಲ್ಲಿ ನನ್ನ ಇಡೀ ಕಸುಬಿನ ಗುಟ್ಟಿದೆ. ಕಣ್ಣು ತೋರಿಸಲು ಬರುವ ನಮ್ಮ ಜನಕ್ಕೆ ಅದು ತಪಾಸಣೆಯಲ್ಲ, ಪರೀಕ್ಷೆ. ಬೆಂಚಿನ ಮೇಲೆ ಕಾಯುವಾಗಲೇ, ಕುರ್ಚಿಯಲ್ಲಿ ಕೂತವನು ಓದುವುದನ್ನು ಕೇಳಿ ಫಲಕವನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ. ಅಕ್ಷರವನ್ನೇ ಕಲಿಯದ ಅಜ್ಜಿಯೊಬ್ಬಳು ಹೀಗೆ ಕೊನೆಯ ಸಾಲಿನವರೆಗೂ ಗಡಗಡ ಒಪ್ಪಿಸಿದ್ದಳು. ಅನುಮಾನ ಬಂದು ನಾನು ಗೋಡೆಯ ಕ್ಯಾಲೆಂಡರ್ ತೋರಿಸಿದರೆ ಅದರಲ್ಲೂ ಅವೇ ಅಕ್ಷರ ಓದಿದಳು! ಹಲ್ಲು ನೋವು, ಮೊಣಕಾಲು ನೋವು ಎಂದು ಊರೆಲ್ಲ ಹೇಳಿಕೊಂಡು ತಿರುಗುವ ಜನ 'ಕಾಣವಲ್ದು', ಅಂದರೆ ಕಾಣುತ್ತಿಲ್ಲ, ಎಂಬ ಒಂದು ಮಾತಾಡಲು ಮಾತ್ರ ಒದ್ದಾಡುತ್ತಾರೆ. ನಾನು ನಗುತ್ತೇನೆ ಎಂದುಕೊಳ್ಳಬೇಡಿ. ಅದೇ ಮಾತು ನನ್ನ ಬಾಯಿಂದ ಹೊರಬರಲು ಅರ್ಧ ಆಯುಷ್ಯ ಹಿಡಿಯಿತು.

ಅದಕ್ಕೂ ಈ ಗಿಡ ನೋಡುವ ಚಟಕ್ಕೂ ಕಾರಣ ನನ್ನ ದೊಡ್ಡವ್ವ. ಅಪ್ಪನ ಅಣ್ಣನ ಹೆಂಡತಿ. ಬಸವಕಲ್ಯಾಣದಲ್ಲಿ ಮಗ, ಸೊಸೆ ಮಹಾದೇವಿಯ ಜೊತೆ ಇದ್ದಾಳೆ. ನಾನು ಇನ್ನೂ ತೆವಳುತ್ತಿದ್ದಾಗಲೇ ನಮ್ಮವ್ವನ ಮಡಿಲಿಗೆ ನನ್ನ ತಮ್ಮ ಬಂದು ಕೂತದ್ದರಿಂದ, ನನ್ನನ್ನು ಸುತ್ತಿ ಬಸವಕಲ್ಯಾಣಕ್ಕೆ ಸಾಗಹಾಕಿದ್ದರು. ಹೀಗಾಗಿ ನಾನು ದೊಡ್ಡವ್ವನ ಸೊಂಟದ ಮೇಲೆ ಬೆಳೆದವನು.

ಈಗ ನನ್ನ ಹೊಟ್ಟೆ ನೋಡಿದರೆ ನಂಬಲಿಕ್ಕಿಲ್ಲ, ಆಗ ನಾನು ಊಟಕ್ಕೆ ಮಹಾ ಹಟಮಾರಿಯಂತೆ. ದೊಡ್ಡವ್ವ ಬಿಸಿ ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ, ಬಟ್ಟಲು ಹಿಡಿದು, ನನ್ನನ್ನು ಎತ್ತಿಕೊಂಡು ಅಂಗಳದ ಬೇವಿನ ಗಿಡದ ಕೆಳಗೆ ನಿಲ್ಲುತ್ತಿದ್ದಳು. "ಅಗೋ, ಅಲ್ನೋಡು, ಅಯ್ನೋರು ಬಂದ್ರು! ಕಂಡ್ರೇನು?" ನಾನು ಬಾಯಿ ಬಿಟ್ಟುಕೊಂಡು ಮೇಲೆ ನೋಡುತ್ತಿದ್ದೆ. ಬಿಟ್ಟ ಬಾಯಿಗೆ ತುತ್ತು ಬೀಳುತ್ತಿತ್ತು. "ಕಂಡ್ರು" ಎಂದರೆ ತುತ್ತಿನ ಹಿಂದೆ ಒಂದು ಚೂರು ಬೆಲ್ಲ. "ಇಲ್ಲ" ಎಂದರೆ ಬರೀ ತುತ್ತು. ನೀವೇ ಹೇಳಿ, ಮೂರು ವರ್ಷದ ಕೂಸು ಏನು ಹೇಳೀತು? ನಾನು ದಿನಾಲೂ "ಕಂಡ್ರು" ಎಂದೆ. ಒಂದು ದಿನವೂ ಕಂಡಿರಲಿಲ್ಲ. ನನಗೆ ಕಾಣುತ್ತಿದ್ದುದು ಎಲೆ, ಎಲೆಯ ಹಿಂದೆ ಎಲೆ, ಅದರ ಹಿಂದೆ ಬೆಲ್ಲ.

ಅಯ್ನೋರು ಎಂದರೆ ನಿಮಗೆ ಗೊತ್ತಲ್ಲ, ಹಣೆ ತುಂಬ ವಿಭೂತಿ ಧರಿಸಿ, ಹೆಗಲಿಗೆ ಜೋಳಿಗೆ ಹಾಕಿ ಭಿಕ್ಷೆಗೆ ಬರುವ ಜಂಗಮರು. ದೊಡ್ಡವ್ವನ ಬೇವಿನ ಗಿಡದ ಅಯ್ನೋರು ಮಾತ್ರ ಒಂದು ಹಕ್ಕಿ. ಗುಬ್ಬಿಗಿಂತ ಸಣ್ಣದು. ತಲೆ ಮತ್ತು ಎದೆ ಬೂದಿಯ ಬಣ್ಣ, ಹೊಟ್ಟೆ ಹಳದಿ. ತಲೆಗೆ ವಿಭೂತಿ, ಹೊಟ್ಟೆಗೆ ಅರಿಶಿನ ಬಳಿದುಕೊಂಡು, ಪಾದಪೂಜೆಗೆ ಕಾದವರಂತೆ ನೆಟ್ಟಗೆ ಕೂರುವ ಅದನ್ನು ಕಂಡು ನಮ್ಮ ಮನೆಯ ಯಾವ ಹಿರಿಯರೋ ಆ ಹೆಸರಿಟ್ಟಿರಬೇಕು. ಮಳೆ ಮುಗಿದು ತೊಗರಿ ಹೂವಾಡುವ ಹೊತ್ತಿಗೆ ಬರುತ್ತದೆ, ಹೋಳಿಯ ಸುಮಾರಿಗೆ ಹೊರಟುಹೋಗುತ್ತದೆ. ಇದ್ದಷ್ಟು ದಿನ ಒಂದೇ ಕೆಲಸ. ಟೊಂಗೆಯಿಂದ ಚಂಗನೆ ಹಾರುವುದು, ಗಾಳಿಯಲ್ಲೇ ನೊಣ ಹಿಡಿಯುವುದು, ಮತ್ತೆ ಅದೇ ಟೊಂಗೆಗೆ ಬಂದು ಕೂತು "ಚಿಕ್ ಚಿಕ್ ಚಿಚಿರೀ" ಎಂದು ಭಿಕ್ಷೆ ಮುಟ್ಟಿದ ಸುದ್ದಿಯನ್ನು ಓಣಿಗೆಲ್ಲ ಸಾರುವುದು.

"ಅಲ್ಲ ದೊಡ್ಡವ್ವ, ನೊಣ ತಿನ್ನೋ ಹಕ್ಕಿಗಿ ಅಯ್ನೋರು ಅಂತೀಯಲ್ಲ, ಹ್ಯಾಂಗ?" ಎಂದು ಹೈಸ್ಕೂಲಿನ ಬುದ್ಧಿವಂತಿಕೆಯಲ್ಲಿ ಒಮ್ಮೆ ಕೇಳಿದ್ದೆ.

"ಅವರು ತಿಂದದ್ದು ನೀ ನೋಡೀಯೇನು? ಹಿಡೀತಾರ, ಬಿಡ್ತಾರ" ಎಂದು ಒಂದೇ ಏಟಿಗೆ ಬಾಯಿ ಮುಚ್ಚಿಸಿದಳು. ಅಷ್ಟು ಸಣ್ಣ ಹಕ್ಕಿ ಇಷ್ಟು ವರ್ಷ ಬದುಕಿರಲು ಸಾಧ್ಯವಿಲ್ಲ ಎಂಬ ಇನ್ನೊಂದು ಪ್ರಶ್ನೆಗೂ ಅವಳ ಬಳಿ ಉತ್ತರವಿತ್ತು. "ಮಠದ ಪೀಠ ಖಾಲಿ ಇರ್ತದೇನು? ಒಬ್ಬರ ಹಿಂದ ಒಬ್ಬರು ಪಟ್ಟಕ್ಕ ಬರ್ತಾರ. ಗಿಡ ಒಂದೇ, ಅಯ್ನೋರು ಬ್ಯಾರೆ."

ನನ್ನ ಅಂಗಡಿಗೆ ಆಗಾಗ ಚಷ್ಮಾದ ಕಡ್ಡಿ ಕೂಡಿಸಿಕೊಳ್ಳಲು ಕಾಲೇಜಿನ ಮೇಡಮ್ಮೊಬ್ಬರು ಬರುತ್ತಾರೆ, ಜೀವಶಾಸ್ತ್ರ ಕಲಿಸುವವರು. ಒಮ್ಮೆ ಮಾತಿಗೆ ಮಾತು ಬಂದು ಹಕ್ಕಿಯ ವರ್ಣನೆ ಹೇಳಿದೆ. ಅವರ ಮುಖ ಅರಳಿತು. "ಬೂದುತಲೆಯ ನೊಣಹಿಡುಕ ಇರಬೇಕ್ರಿ ಅದು! ಎತ್ತರದ ಗುಡ್ಡಗಾಡಿನ ಹಕ್ಕಿ. ಮರಿ ಮಾಡೋದೆಲ್ಲ ಅಲ್ಲೇ. ಥಂಡಿಗೆ ಕೆಳಗ ಇಳೀತಾವ. ನಮ್ಮ ಬಯಲಸೀಮಿಗಿ ಬಂದು ಒಂದೇ ಗಿಡ ಹಿಡದು ಕುಂದರತಾವ ಅಂದ್ರ ದೊಡ್ಡ ಮಾತು. ನೀವು ಭಾಳ ಹತ್ರದಿಂದ ನೋಡೀರೇನ್ರಿ?"

"ಸಣ್ಣಾಂವ ಇದ್ದಾಗಿಂದ ನೋಡ್ತೀನ್ರಿ ಮೇಡಂ" ಎಂದೆ. ಬೆಲ್ಲದ ಆಸೆಗೆ ಶುರುವಾದ ಸುಳ್ಳು, ಈಗ ಮರ್ಯಾದೆಯ ಪ್ರಶ್ನೆಯಾಗಿತ್ತು. ಊರಿಗೆಲ್ಲ ಕಣ್ಣು ಕೊಡುವವನು ನಾನು. ಅಂಥವನಿಗೆ ಅಂಗಳದ ಗಿಡದಲ್ಲಿನ ಹಕ್ಕಿ ಕಾಣುವುದಿಲ್ಲ ಎಂದರೆ ಯಾರಾದರೂ ನನ್ನ ಕೈಯಿಂದ ಚಷ್ಮಾ ಹಾಕಿಸಿಕೊಂಡಾರೆಯೇ?

ಇರಲಿ. ದೊಡ್ಡವ್ವನ ಕಣ್ಣಿನ ವಿಷಯಕ್ಕೆ ಬರುತ್ತೇನೆ. ಅವಳ ಎರಡೂ ಕಣ್ಣಿಗೆ ಮೋತಿಬಿಂದು, ಅಂದರೆ ಪೊರೆ, ಬಂದಿರುವುದು ನನಗೆ ಗೊತ್ತಿತ್ತು. ಎಷ್ಟು ಬಲಿತಿದೆ ಎಂಬುದು ಗೊತ್ತಿರಲಿಲ್ಲ, ಏಕೆಂದರೆ ಟಾರ್ಚು ಹಿಡಿದು ಹತ್ತಿರ ಹೋದರೆ ಕೈಗೆ ಏಟು ಬೀಳುತ್ತಿತ್ತು. ಅದಕ್ಕೂ ಮುಂಚೆ ನಾನೇ ಆರಿಸಿ, ಬಂಗಾರದ ಬಣ್ಣದ ಕಡ್ಡಿಯ ಚಷ್ಮಾವೊಂದನ್ನು ಮಾಡಿಕೊಟ್ಟಿದ್ದೆ. ಅವಳು ಅದನ್ನು ಪ್ರೀತಿಯಿಂದ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ದೇವರ ಜಗಲಿಯ ಮೇಲಿಟ್ಟಳು. ಅದು ಅಲ್ಲೇ ಉಳಿಯಿತು. ಹಬ್ಬಕ್ಕೆ ಹೂವೂ ಏರುತ್ತದೆ. ಕೊಟ್ಟ ಚಷ್ಮಾಗೆ ಇಷ್ಟು ಗೌರವ ನನ್ನ ಬೇರೆ ಯಾವ ಗಿರಾಕಿಯೂ ತೋರಿಸಿಲ್ಲ.

ಆಪರೇಷನ್ ಮಾಡಿಸೋಣ ಎಂದರೆ ಅವಳ ಹತ್ತಿರ ವರ್ಷದ ಹನ್ನೆರಡು ತಿಂಗಳಿಗೂ ಕಾರಣ ಸಿದ್ಧ. ಕಣ್ಣಿನ ಆಪರೇಷನ್ ಥಂಡಿಯಲ್ಲೇ ಆಗಬೇಕು ಎಂಬುದು ನಮ್ಮ ಕಡೆಯ ಗಟ್ಟಿ ನಂಬಿಕೆ. ಈಗ ಯಾವ ಕಾಲದಲ್ಲಾದರೂ ಮಾಡುತ್ತಾರೆ ಎಂದು ಡಾಕ್ಟರೇ ಬಂದು ಹೇಳಿದರೂ ಯಾರೂ ಕೇಳುವುದಿಲ್ಲ. "ಬಿಸಲಾಗ ಕಣ್ಣ ಕೊಯ್ಸಿಕೊಂಡ್ರ ಕಣ್ಣ ಸುಡ್ತದೋ." ಸರಿ, ಮಳೆಗಾಲ ಬರಲಿ. "ಮಳ್ಯಾಗ ಗಾಯ ಮಾಯಂಗಿಲ್ಲ." ಸರಿ, ಥಂಡಿ ಬಂತಲ್ಲ? "ಥಂಡ್ಯಾಗ ಎಳ್ಳ ಅಮಾಸಿ ಬರ್ತದ. ನಾ ಕಣ್ಣ ಕಟ್ಕೊಂಡು ಕುಂತ್ರ ಭಜ್ಜಿ ಯಾರ ಮಾಡ್ತಾರ?"

ಎಳ್ಳ ಅಮಾವಾಸ್ಯೆಯ ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದಲ್ಲ. ಹೊಲದಲ್ಲಿ ಆ ಹೊತ್ತಿಗೆ ಸಿಕ್ಕ ಹಸಿ ಕಾಳು, ಸೊಪ್ಪು, ಕಾಯಿಗಳನ್ನೆಲ್ಲ ಒಂದೇ ಹಂಡೆಗೆ ಹಾಕಿ ಕುದಿಸುವ ದಪ್ಪನೆಯ ಪಲ್ಯ. ಹೊಲದ ನಡುವೆ ದಂಟಿನ ಗುಡಿಸಲು ಹಾಕಿ, ಒಳಗೆ ಪಾಂಡವರೆಂದು ಐದು ಕಲ್ಲು ಪೂಜಿಸಿ, ಬಂದ ಬಳಗಕ್ಕೆಲ್ಲ ಅದನ್ನು ಬಡಿಸಬೇಕು. ಮಂಠಾಳದ ದಾರಿಯಲ್ಲಿರುವ ನಮ್ಮ ಹೊಲದಲ್ಲಿ ದೊಡ್ಡವ್ವನ ಭಜ್ಜಿ ಉಣ್ಣಲು ಕರೆದವರೂ ಬರುತ್ತಾರೆ, ಕರೆಯದವರೂ ಬರುತ್ತಾರೆ. ಅದರ ಮುಂದೆ ಕಣ್ಣು ಯಾವ ಲೆಕ್ಕ?

ಇಷ್ಟಕ್ಕೂ ನಾನು ಬಗ್ಗದಿದ್ದರೆ ಅವಳು ಕೊನೆಯ ಅಸ್ತ್ರ ತೆಗೆಯುತ್ತಿದ್ದಳು. ಅಂಗಳದ ಕಟ್ಟೆಯ ಮೇಲೆ ಕೂತು, "ನಾ ಏನ್ ಕುರುಡಿ ಆಗೀನೇನೋ? ಅಗೋ ನೋಡು, ಅಯ್ನೋರು ಬಂದಾರ. ಆ ಬಗ್ಗಿದ ಟೊಂಗಿ ಮ್ಯಾಲ ಕುಂತಾರ. ನಿನಗ ಕಾಣಾಕತ್ತದಿಲ್ಲೋ?"

ಚಿಕ್ ಚಿಕ್ ಎಂಬ ದನಿ ಕೇಳುತ್ತಿತ್ತು. ನಾನು ಚಷ್ಮಾ ಒರೆಸಿ, ಮೂಗಿಗೇರಿಸಿ, ಬಗ್ಗಿದ ಟೊಂಗೆಯನ್ನು ಬುಡದಿಂದ ತುದಿಯವರೆಗೆ ನೋಡುತ್ತಿದ್ದೆ. ಎಲೆ. ಎಲೆಯ ಹಿಂದೆ ಎಲೆ. "ಕಾಣಾಕತ್ತದ ದೊಡ್ಡವ್ವ, ಕಾಣಾಕತ್ತದ" ಎನ್ನುತ್ತಿದ್ದೆ.

"ಮತ್ತ? ನಿನಗ ಕಂಡದ್ದು ನನಗೂ ಕಾಣಾಕತ್ತದ ಅಂದ ಮ್ಯಾಲ ಆಪರೇಷನ್ ಯಾಕ ಬೇಕು?"

ಹುಮನಾಬಾದಿಗೆ ಮರಳುವಾಗ ದಾರಿಯಲ್ಲಿ, ಈ ವಯಸ್ಸಿಗೂ ಅವಳ ಕಣ್ಣು ನನ್ನದಕ್ಕಿಂತ ಚುರುಕಾಗಿದೆಯಲ್ಲ ಎಂದು ನಾಚಿಕೆಪಟ್ಟುಕೊಳ್ಳುತ್ತಿದ್ದೆ. ಮರುದಿನ ಅಂಗಡಿಯಲ್ಲಿ ಕದ್ದು ನನ್ನ ಕಣ್ಣನ್ನೇ ಮತ್ತೊಮ್ಮೆ ತಪಾಸಿಸಿಕೊಳ್ಳುತ್ತಿದ್ದೆ. ನಂಬರು ಬದಲಾಗಿರುತ್ತಿರಲಿಲ್ಲ.

ಹೋದ ಥಂಡಿಯ ಮಾತು. ಎಳ್ಳ ಅಮಾವಾಸ್ಯೆ ಇನ್ನೂ ಕೆಲವು ವಾರ ಮುಂದಿತ್ತು. ಒಂದು ರವಿವಾರ ಅಂಗಡಿ ಮುಚ್ಚಿ, ಮೋಟರ್ ಸೈಕಲ್ ಹತ್ತಿ, ರಾಜೇಶ್ವರದಲ್ಲಿ ಚಹಾ ಕುಡಿದು ಬಸವಕಲ್ಯಾಣದ ಮನೆ ಮುಟ್ಟಿದೆ. ಓಣಿಗೆ ಕಾಲಿಡುವಾಗಲೇ ಕಿವಿ ಗುಂಯ್ ಎಂದಿತು. ಪಕ್ಕದ ರಶೀದ್ ಭಾಯಿ ಹಳೆಯ ಮನೆ ಕೆಡವಿ ಹೊಸದು ಕಟ್ಟಿಸುತ್ತಿದ್ದರು. ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ ಮಷೀನು ಬೆಳಗಿನಿಂದ ಸಂಜೆಯವರೆಗೆ ಕಿರುಚುತ್ತಿತ್ತು. ಅಂಗಳಕ್ಕೆ ಬಂದರೆ ಯಾಕೋ ಬೆಳಕು ಜಾಸ್ತಿ ಎನಿಸಿತು. ನೋಡಿದರೆ ಬೇವಿನ ಗಿಡದ ಬಗ್ಗಿದ ಟೊಂಗೆಯೇ ಇಲ್ಲ. ಅದು ಇದ್ದ ಜಾಗದಲ್ಲಿ ಕಡಿದ ಹಸಿ ಗುರುತು.

ಮಹಾದೇವಿ ಬಾಗಿಲೊಳಗೆ ಕರೆದು, ನೀರು ಕೊಟ್ಟು ಹೇಳಿದಳು. "ಅವರ ಗ್ವಾಡಿಗಿ ತಾಗ್ತಿತ್ತಂತ ಕಡಿಸ್ಯಾರ್ರಿ ಭಾವಾರ. ಕೇಳೇ ಕಡದಾರ. ಅತ್ತಿಯವರು ಆವಾಗ ರಾಜೇಶ್ವರಕ್ಕ ಬಸುರಿ ಕುಬಸದ ಕಾರ್ಯಕ್ಕ ಹೋಗಿದ್ರು. ಬಂದ ಮ್ಯಾಲ ಏನರ ಅಂತಾರಂತ ಅಂಜಿದ್ದೆ, ಒಂದು ಮಾತೂ ಅಂದಿಲ್ರಿ. ಸಿಟ್ಟು ನುಂಗ್ಯಾರ ಕಾಣ್ತದ."

ದೊಡ್ಡವ್ವ ಸಿಟ್ಟು ನುಂಗುವವಳಲ್ಲ. ನನಗೆ ಅದೇ ಸೋಜಿಗವಾಯಿತು. ಕಟ್ಟೆಯ ಮೇಲೆ ಕೂತು ತೊಗರಿಕಾಯಿ ಸುಲಿಯುತ್ತಿದ್ದವಳ ಮುಖ ಬಾಡಿತ್ತು. ನಾನು ಹತ್ತಿರ ಹೋಗಿ "ಶರಣು ದೊಡ್ಡವ್ವ" ಎಂದು ಕೂಗಿದ ಮೇಲೆ ಮುಖ ತಿರುಗಿಸಿದಳು.

"ಸಂಗು ಬಂದ್ಯಾ? ಕೂಡು." ಮಷೀನಿನ ಸದ್ದನ್ನು ಮೀರಿಸಿ ಅವಳೂ ಕೂಗಬೇಕಾಗಿತ್ತು. "ಈ ವರ್ಷ ಅಯ್ನೋರು ಬರ್ಲಿಲ್ಲೋ ತಮ್ಮಾ. ತೊಗರಿ ಕಾಯಿ ಆತು, ಇನ್ನೂ ಬಂದಿಲ್ಲ. ಹಾದ್ಯಾಗ ಏನರ ಆತೋ ಏನೋ. ಪರೇಶಾನ್ ಆಗ್ಯಾದ ನನಗ."

ನಾನು ತಲೆ ಎತ್ತಿದೆ. ಕಟ್ಟೆಗೆ ಎದುರಾಗಿ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಬಟ್ಟೆ ಒಣಗಿಸುವ ಹಗ್ಗ. ಹಗ್ಗದ ಮೇಲೆ ಅವಳವೇ ಎರಡು ಸೀರೆ. ಎರಡು ಸೀರೆಯ ನಡುವೆ ಅಯ್ನೋರು.

ನನ್ನ ಜನ್ಮದಲ್ಲಿ ಮೊದಲ ಸಲ ನೋಡಿದೆ. ತಲೆಗೆ ವಿಭೂತಿ, ಹೊಟ್ಟೆಗೆ ಅರಿಶಿನ, ಎಲ್ಲ ಬರೋಬರ್. ಟೊಂಗೆ ಹೋದದ್ದಕ್ಕೆ ಹಗ್ಗಕ್ಕೆ ಇಳಿದಿದ್ದರು. ಚಂಗನೆ ಹಾರಿ, ಒಂದು ನೊಣ ಹಿಡಿದು, ತಿರುಗಿ ಹಗ್ಗಕ್ಕೆ ಬಂದು, ಕೊಕ್ಕು ತೆರೆದು ಮೈಯೆಲ್ಲ ಅದುರಿಸಿ ಹಾಡಿದರು. ಮಷೀನಿನ ಸದ್ದಿನಲ್ಲಿ ಒಂದು ಚಿಕ್ ಕೂಡ ಕೇಳಲಿಲ್ಲ. ಖುಷಿಗೆ ನನ್ನ ಬಾಯಿ ತೆರೆದೇ ಇತ್ತು. ದೊಡ್ಡವ್ವ ಮಾತ್ರ ಆ ಹಕ್ಕಿಯ ಕಡೆಗೇ ಮುಖ ಮಾಡಿಕೊಂಡು, "ಬರ್ಲಿಲ್ಲೋ, ಈ ಸಲ ಬರ್ಲಿಲ್ಲ" ಎನ್ನುತ್ತಿದ್ದಳು.

ಆಗ ಕರೆಂಟ್ ಹೋಯಿತು. ಬಸವಕಲ್ಯಾಣದ ಕರೆಂಟಿಗೆ ನಾನು ಜೀವಮಾನದಲ್ಲಿ ಬಹಳ ಬೈದಿದ್ದೇನೆ, ಆವತ್ತಿನದನ್ನು ಬೈಯಲಾರೆ. ಮಷೀನು ಊಳಿಟ್ಟು ನಿಂತಿತು. ಓಣಿಯೆಲ್ಲ ಒಮ್ಮೆಲೇ ತಣ್ಣಗಾಯಿತು. ಆ ಮೌನದಲ್ಲಿ ಹಗ್ಗದ ಮೇಲಿನಿಂದ "ಚಿಕ್ ಚಿಕ್ ಚಿಚಿರೀ!"

ದೊಡ್ಡವ್ವನ ಕೈಯ ತೊಗರಿಕಾಯಿ ಕೆಳಗೆ ಬಿತ್ತು. ಮುಖ ಬೆಳಗಿತು. "ಬಂದ್ರು! ನೋಡು, ಬಂದ್ರು!" ಎಂದು ಕೈ ಎತ್ತಿ ಗಿಡದ ಕಡೆ ತೋರಿಸಿದಳು. "ಅಗೋ, ಆ ಬಗ್ಗಿದ ಟೊಂಗಿ ಮ್ಯಾಲ! ಹೊಟ್ಟಿ ಹಳದಿ ಎಷ್ಟು ಚಂದ ಕಾಣಾಕತ್ತದ. ನಿನಗ ಕಾಣಾಕತ್ತದಿಲ್ಲೋ?"

ಅವಳ ಬೆರಳು ಇಲ್ಲದ ಟೊಂಗೆಯನ್ನು ತೋರಿಸುತ್ತಿತ್ತು. ಅಲ್ಲಿ ಬರೀ ಆಕಾಶವಿತ್ತು.

'ಕಾಣಾಕತ್ತದ' ಎಂಬ ಮಾತು ರೂಢಿಯಂತೆ ನಾಲಗೆಯ ತುದಿಗೆ ಬಂತು. ಎಷ್ಟು ವರ್ಷಗಳಿಂದ ನಾನು ಆ ಮಾತು ಹೇಳಿದ್ದೆ, ಅವಳು ಅದನ್ನೇ ಹಿಡಿದುಕೊಂಡು ಕತ್ತಲಲ್ಲಿ ಕೂತಿದ್ದಳು.

"ದೊಡ್ಡವ್ವ, ಆ ಟೊಂಗಿ ಇಲ್ಲ. ನೀ ರಾಜೇಶ್ವರಕ್ಕ ಹೋದಾಗ ಕಡದಾರ."

ಅವಳ ಕೈ ಹಾಗೇ ಮೇಲೆ ನಿಂತಿತು.

"ಅಯ್ನೋರು ನಿನ್ನ ಎದುರೇ ಕುಂತಾರ. ಹಗ್ಗದ ಮ್ಯಾಲ, ನಿನ್ನ ಎರಡು ಸೀರಿ ನಡುವ."

ಕೈ ನಿಧಾನಕ್ಕೆ ಮಡಿಲಿಗೆ ಇಳಿಯಿತು. ಆಮೇಲೆ, "ಹೋದ ವರ್ಷ ಟೊಂಗಿ ಮ್ಯಾಲ ಕಂಡಾರ ಅಂದಿದ್ದಿ" ಎಂದಳು.

"ಸುಳ್ಳ ಹೇಳಿದ್ದೆ."

"ಅದಕ್ಕ ಹಿಂದಿನ ವರ್ಷ?"

"ಅದೂ ಸುಳ್ಳ. ಸಣ್ಣಾಂವ ಇದ್ದಾಗಿಂದ ಎಲ್ಲಾ ಸುಳ್ಳ, ದೊಡ್ಡವ್ವ. ಇವತ್ತೇ ಮೊದಲ ಸರ್ತಿ ನೋಡಾಕತ್ತೀನಿ."

"ಯಾಕೋ?"

"ಚಷ್ಮಾ ಮಾರಾಂವಗ ಹಕ್ಕಿ ಕಾಣವಲ್ದು ಅಂದ್ರ ಮಂದಿ ನಗಂಗಿಲ್ಲೇನು?"

ದೊಡ್ಡವ್ವ ನಕ್ಕಳು. ಮೊದಲು ಹೆಗಲು ಕುಣಿಯಿತು, ಆಮೇಲೆ ದನಿ ಬಂತು, ಆಮೇಲೆ ಕೆಮ್ಮು ಬಂತು. ಮಹಾದೇವಿ ಏನಾಯಿತೋ ಎಂದು ಒಳಗಿನಿಂದ ಓಡಿ ಬಂದಳು. ಸೆರಗಿನಿಂದ ಕಣ್ಣೊರೆಸಿಕೊಂಡು ದೊಡ್ಡವ್ವ ಹೇಳಿದಳು. "ನನಗೂ ಕಾಣವಲ್ದೋ ತಮ್ಮಾ. ದನಿ ಕೇಳಿ ಹೇಳ್ತಿದ್ದೆ. ಮೊದಲು ಅದೇ ಟೊಂಗಿ ಮ್ಯಾಲ ಕೂಡ್ತಿದ್ರು, ಖರೇನೇ ಕಂಡದ್ದು. ಈಗ ಎಷ್ಟೋ ವರ್ಷ ಆತು. ಅಯ್ನೋರು ಹೋಗ್ಲಿ, ನಿನ್ನ ಮಾರೀನೂ ಕಾಣವಲ್ದು. ಶರಣು ಅಂತೀಯಲ್ಲ, ಆ ದನಿ ಮ್ಯಾಲ ಗುರ್ತ ಹಿಡೀತೀನಿ."

ಅವಳ ಜೊತೆ ನಗುತ್ತಿದ್ದ ನನಗೆ ನಗು ನಿಂತುಹೋಯಿತು. ಅವಳ ಕೈ ಹಿಡಿದುಕೊಂಡು ಕೂತೆ. ಭಜ್ಜಿಯೂ ಅಲ್ಲ, ಬಿಸಿಲೂ ಅಲ್ಲ, ಮಳೆಯೂ ಅಲ್ಲ, ಅವಳದು ಬೇರೆಯೇ ಅಂಜಿಕೆ ಎಂಬುದು ಆಗ ಹೊರಬಂತು. "ನಮ್ಮವ್ವಗ ಹಿಂದಕ ಹಿಂಗೇ ಕೊಯ್ದಿದ್ರು. ದಪ್ಪ ಗಾಜಿನ ಚಷ್ಮಾ ಕೊಟ್ಟು ಕಳಿಸಿದ್ರು. ಒಂದು ವರ್ಷದಾಗ ಇದ್ದದ್ದೂ ಹೋತು. ನನಗ ಈಗ ಬೆಳಕರ ಕಾಣ್ತದ, ಬಾಗಲ ಎಲ್ಲದ ಗ್ವಾಡಿ ಎಲ್ಲದ ತಿಳೀತದ. ಇಷ್ಟೂ ಹೋದ್ರ?"

ನಾನು ನನಗೆ ತಿಳಿದ ಎಲ್ಲವನ್ನೂ ಹೇಳಿದೆ. ಈಗ ಒಳಗೇ ಸಣ್ಣ ಗಾಜು ಕೂರಿಸುತ್ತಾರೆ, ದಪ್ಪ ಚಷ್ಮಾ ಬೇಕಿಲ್ಲ, ಮೊದಲು ಒಂದೇ ಕಣ್ಣು, ಅದು ಸರಿಯಾದ ಮೇಲೆ ಇನ್ನೊಂದು. ಅವಳು ಕೇಳಿದಳು. ಕೊನೆಗೆ, "ಹೋಳಿಗಿ ಅಯ್ನೋರು ಹೋಗ್ತಾರಲ್ಲ, ಅಷ್ಟರಾಗ ಕಾಣ್ತದೇನು?" ಎಂದಳು.

"ಕಾಣ್ತದ" ಎಂದೆ. ಇದೂ ಸುಳ್ಳಾಗದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಬೀದರಿನಲ್ಲಿ ಆಪರೇಷನ್ ಆಯಿತು. ಒಳಗೆ ಹೋಗುವಾಗ ನನ್ನ ಬೆರಳು ಮುರಿಯುವ ಹಾಗೆ ಹಿಡಿದಿದ್ದವಳು, ಹೊರಗೆ ಬಂದ ಮೇಲೆ "ಇಷ್ಟೇ ಏನು?" ಎಂದು ನನ್ನನ್ನೇ ಗದರಿಸಿದಳು. ಡಾಕ್ಟರರು ಬಗ್ಗಬಾರದು, ಭಾರ ಎತ್ತಬಾರದು, ತಲೆಗೆ ನೀರು ಹಾಕಿಕೊಳ್ಳಬಾರದು, ಹೊಗೆ-ಧೂಳಿಗೆ ಹೋಗಬಾರದು ಎಂದು ಹೇಳಿ ಕಳಿಸಿದರು. "ಹಂಗಂದ್ರ ಸೊಸಿ ಆಗಿ ಬಂದಾಗಿಂದ ಸಿಗದ ಆರಾಮ ಈಗ ಸಿಕ್ತು ಅನ್ರಿ" ಎಂದು ಅವರಿಗೇ ಹೇಳಿದಳು.

ಎಳ್ಳ ಅಮಾವಾಸ್ಯೆಯ ದಿನ ದೊಡ್ಡವ್ವ ಕಪ್ಪು ಚಷ್ಮಾ ಹಾಕಿಕೊಂಡು, ಒಲೆಯ ಹೊಗೆ ಬಾರದ ಕಡೆ ಕುರ್ಚಿಯಲ್ಲಿ ಕೂತು, ಮಹಾದೇವಿಯ ಕೈಯಿಂದ ಭಜ್ಜಿ ಮಾಡಿಸಿದಳು. ಮಾಡಿಸಿದಳು ಎನ್ನುವುದಕ್ಕಿಂತ ಜಗಳವಾಡಿದಳು ಎನ್ನಬೇಕು. "ಹಿಟ್ಟ ಈಗ ಬ್ಯಾಡ! ಕೈ ಆಡಸು! ಅಷ್ಟ ಜಲ್ದಿ ಯಾಕ ನಿನಗ?" ಆ ಕಪ್ಪು ಚಷ್ಮಾದಲ್ಲಿ ಯಾವುದೋ ಪೊಲೀಸ್ ಸಾಹೇಬರು ಪಂಚನಾಮೆಗೆ ಬಂದ ಹಾಗಿತ್ತು. ಉಪ್ಪು ಸ್ವಲ್ಪ ಕಡಿಮೆ ಬಿತ್ತು. ಬಂದವರೆಲ್ಲ ಭಲೇ ಎಂದು ಉಂಡರು. ದೊಡ್ಡವ್ವ ಒಬ್ಬಳೇ ಉಪ್ಪು ಕಡಿಮೆ ಎಂದಳು, ಎರಡು ಸಲ ಬಡಿಸಿಕೊಂಡಳು.

ಹೊಲದ ಹುಕುಂ ಮುಗಿಯಿತು. ಮನೆಯ ಅಂಗಳಕ್ಕೆ ಮಾತ್ರ ಹೊರಬೀಳುವ ಹಾಗಿರಲಿಲ್ಲ. ಪಕ್ಕದಲ್ಲಿ ಫರಸಿ ಕೊಯ್ದ ಬಿಳಿ ಧೂಳು ಗಾಳಿಯಲ್ಲೆಲ್ಲ ತುಂಬಿತ್ತು. ಮನೆಯೊಳಗೆ ಕೂತೇ ಆ ಒಂದು ಕಣ್ಣಿನಿಂದ ಅವಳು ಮಾಡಿದ ದಾಂಧಲೆ ಸಣ್ಣದಲ್ಲ. ಅಡುಗೆಮನೆಯ ಮೂಲೆಯ ಜೇಡರ ಬಲೆ ಕಂಡಿತು, ಹಿತ್ತಾಳೆ ತಂಬಿಗೆಯ ಕಿಲುಬು ಕಂಡಿತು. ನಾನು ಹೋದಾಗ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, "ಅಯ್ಯ, ನೀ ಯಾವಾಗ ಇಷ್ಟು ಮುದುಕ ಆದಿ? ದನಿ ಮ್ಯಾಲ ಹುಡುಗ ಅನಸ್ತಿದ್ದಿ!" ಎಂದಳು. ಮಹಾದೇವಿ ಒಳಗೆ ಓಡಿಹೋಗಿ ನಕ್ಕಳು. ನಗಲಿ. ಅವಳ ಜೇಡರ ಬಲೆಯ ಲೆಕ್ಕ ಇನ್ನೂ ಮುಗಿದಿರಲಿಲ್ಲ.

ಆದರೆ ಅಯ್ನೋರು ಉಳಿದೇ ಹೋಗಿದ್ದರು. ಸಂಕ್ರಾಂತಿ ಕಳೆಯಿತು, ಶಿವರಾತ್ರಿ ಹತ್ತಿರ ಬಂತು, ಬೇವಿನ ಎಲೆ ಹಣ್ಣಾಗಿ ಉದುರತೊಡಗಿತು. ಬಿಸಿಲು ಏರಿದರೆ ಯಾವ ದಿನವೂ ಗುಡ್ಡದ ದಾರಿ ಹಿಡಿಯಬಹುದು. ಪ್ರತಿ ರವಿವಾರ ನಾನು ಬಂದಾಗ ದೊಡ್ಡವ್ವ ಮೊದಲು ಕೇಳುವುದು ಅದನ್ನೇ. "ಇನ್ನೂ ಇದ್ದಾರೇನು? ಹೋದ್ರೇನು?"

ಕೊನೆಗೆ ನಾನು ರಶೀದ್ ಭಾಯಿಯ ಹತ್ತಿರ ಹೋಗಿ ವಿಷಯ ತಿಳಿಸಿದೆ. ಟೊಂಗೆ ಕಡಿಸಿದ ಅಳುಕು ಅವರಿಗೂ ಇತ್ತೋ ಏನೋ, ಮುಂದಿನ ರವಿವಾರ ಕೆಲಸದವರಿಗೆ ಸೂಟಿ ಕೊಟ್ಟು, ತಾವೇ ಪೈಪು ಹಿಡಿದು ನಮ್ಮ ಅಂಗಳಕ್ಕೂ ನೀರು ಹೊಡೆದು ಧೂಳು ಕೂರಿಸಿದರು. ಬಾಗಿಲಿಗೆ ಬಂದು, "ಖಾಲಾ, ಇವತ್ತ ಮಷೀನ್ ಬಂದ್ ಅದ್ರಿ. ನೀವು ಆರಾಮ್ ಕುಂತು ನಿಮ್ಮ ಚಿಡಿಯಾ ನೋಡ್ರಿ" ಎಂದು ಕರೆದರು.

ದೊಡ್ಡವ್ವ ಕೈಯಲ್ಲಿ ಒಂದು ಸಣ್ಣ ಡಬ್ಬಿ ಹಿಡಿದು, ಕಟ್ಟೆಯ ಮೇಲೆ ಬಂದು ಕೂತಳು. ಕಪ್ಪು ಚಷ್ಮಾ ತೆಗೆದು ಪಕ್ಕಕ್ಕಿಟ್ಟಳು. ನಾನೂ ಪಕ್ಕದಲ್ಲಿ ಕೂತೆ. ಹಗ್ಗದ ಮೇಲೆ ಯಾರೂ ಇರಲಿಲ್ಲ. ಟೊಂಗೆ ಕಡಿದ ಜಾಗವನ್ನು ಅವಳು ನೋಡಿದಳು. ಹೊತ್ತು ಏರುತ್ತಿತ್ತು. ಹೋಗಿಬಿಟ್ಟರೇನೋ ಎಂದು ನಾನು ಹಗ್ಗವನ್ನೂ ಗಿಡವನ್ನೂ ಮತ್ತೆ ಮತ್ತೆ ನೋಡಿದೆ. ಕಾಣ್ತದ ಎಂದು ಮಾತು ಕೊಟ್ಟವನು ನಾನು.

ಆಗ ಗಿಡದೊಳಗಿನಿಂದ "ಚಿಕ್ ಚಿಕ್ ಚಿಚಿರೀ."

ದೊಡ್ಡವ್ವ ತಟ್ಟನೆ ಕಣ್ಣು ಮುಚ್ಚಿದಳು. ಇಷ್ಟು ವರ್ಷ ದನಿ ಹಿಡಿಯಲು ಹಾಗೆ ಮುಚ್ಚಿ ಮುಚ್ಚಿ ರೂಢಿಯಾಗಿತ್ತು. ತಲೆ ಓರೆ ಮಾಡಿ ಕೇಳಿದಳು. ಆಮೇಲೆ ನೆನಪಾಗಿ, "ಅಯ್ಯ ನನ ಶಿವನ, ಈಗ ತೆರೀಬೇಕಲ್ಲ!" ಎಂದು ನಕ್ಕು ಕಣ್ಣು ತೆರೆದಳು. ದನಿ ಬಂದ ಕಡೆ ನೋಡಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಅವಳು ಕೈ ಮುಗಿದಳು.

"ಇಷ್ಟು ಸಣ್ಣವರಾಗ್ಯಾರಲ್ಲೋ" ಎಂದಳು.

ಮಾತು ಕೊಟ್ಟದ್ದು ಉಳಿಯಿತು ಎಂದು ನನ್ನ ಕಣ್ಣು ತುಂಬಿತು. ಅಷ್ಟರಲ್ಲಿ ಅವಳು ನನ್ನ ಕಡೆ ತಿರುಗಿದಳು. "ನಿನಗ ಕಾಣಾಕತ್ತದಿಲ್ಲೋ?"

ನಾನು ಚಷ್ಮಾ ತೆಗೆದು ಒರೆಸಿ, ಮತ್ತೆ ಏರಿಸಿ ನೋಡಿದೆ. ಹಣ್ಣಾದ ಎಲೆ, ಹಸಿರು ಎಲೆ, ಎಲೆಯ ಹಿಂದೆ ಎಲೆ.

"ಕಾಣವಲ್ದು, ದೊಡ್ಡವ್ವ."

ಅವಳು ನನ್ನ ಗಲ್ಲ ಹಿಡಿದಳು. ಮುಖವನ್ನು ಸ್ವಲ್ಪ ಎಡಕ್ಕೆ ತಿರುಗಿಸಿ, ಸ್ವಲ್ಪ ಮೇಲಕ್ಕೆತ್ತಿದಳು. "ಅಲ್ಲಿ. ಎರಡು ಹಳದಿ ಎಲಿ ಅದಾವಲ್ಲ, ಅವುಗಳ ನಡುವ ಮೂರನೇದು ಅದ ನೋಡು, ಅದು ಎಲಿ ಅಲ್ಲ."

ನಾನು ಬಾಯಿ ಬಿಟ್ಟುಕೊಂಡು ಹುಡುಕುತ್ತಲೇ ಇದ್ದೆ. ಪಕ್ಕದಲ್ಲಿ ಡಬ್ಬಿಯ ಮುಚ್ಚಳ ತೆರೆದ ಸದ್ದು ಕೇಳಿತು. "ಖರೇ ಹೇಳಿದಿ, ತಗೋ" ಎಂದು ದೊಡ್ಡವ್ವ ಬಿಟ್ಟ ಬಾಯಿಗೆ ಒಂದು ಚೂರು ಬೆಲ್ಲ ಹಾಕಿದಳು.